ಆನ್‌ಲೈನ್ ಅಂಗಡಿಯ ಕೊಟೇಶನ್‌ಗೆ ಒಪ್ಪಿಗೆ ಕೊಡುವ ಮುನ್ನ

ಸಣ್ಣ ಮಟ್ಟದಲ್ಲಿ ಆನ್‌ಲೈನ್ ಅಂಗಡಿ ತೆರೆಯಲು ಹೊರಟವರು ಮೊದಲು ಕೇಳುವುದು ‘ಮಾಡಿಕೊಡಲು ಎಷ್ಟಾಗುತ್ತದೆ?’ ಎಂದು. ಇದಕ್ಕೆ ಸಿಗುವ ಉತ್ತರ ಸುಳ್ಳಾಗಿರಬೇಕೆಂದೇನೂ ಇಲ್ಲ. ಆದರೆ ಅದರಲ್ಲಿ ಇರುವುದು ಅಂಗಡಿಯ ಖರ್ಚಿನ ಒಂದು ಪಾಲು ಮಾತ್ರ, ಅದೂ ಬಹಳ ಸಲ ಚಿಕ್ಕ ಪಾಲು. ಕೈಯಲ್ಲಿ ಹೊಲಿದ ಬಟ್ಟೆಯ ಗೊಂಬೆಗಳನ್ನು ಮಾರಲು ನಾನು ಜಾಲತಾಣ ಮಾಡಿಸಿಕೊಂಡಾಗ ನಡೆದದ್ದನ್ನು, ಇದೇ ದಾರಿಯಲ್ಲಿರುವವರಿಗೆ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೀಗೆ ವ್ಯವಹರಿಸುವವರು ಅವರೊಬ್ಬರೇ ಅಲ್ಲ.

ಅವರು ಕೊಟ್ಟ ಕೊಟೇಶನ್ ಒಂದೇ ಪುಟದ್ದು. ವಿನ್ಯಾಸ, ಡೊಮೇನ್ (ಜಾಲತಾಣದ ವಿಳಾಸ), ಹೋಸ್ಟಿಂಗ್ (ತಾಣವನ್ನು ಇಡುವ ಬಾಡಿಗೆ ಜಾಗ), ಎಸ್‌ಎಸ್‌ಎಲ್ ಪ್ರಮಾಣಪತ್ರ, ಪೇಮೆಂಟ್ ಗೇಟ್‌ವೇ (ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆಯುವ ವ್ಯವಸ್ಥೆ) ಜೋಡಣೆ ಎಂದು ಐದು ಸಾಲು. ಕೆಳಗೆ ದಪ್ಪಕ್ಷರದಲ್ಲಿ ಒಟ್ಟು ಮೊತ್ತ. ಅದರ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ನವೀಕರಣ ಶುಲ್ಕ ಅನ್ವಯಿಸುತ್ತದೆ’ ಎಂಬ ಒಂದು ವಾಕ್ಯ. ಯಾವುದರ ನವೀಕರಣ, ಯಾವಾಗ, ಯಾವ ದರದಲ್ಲಿ ಎಂಬ ವಿವರ ಎಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ, ‘ಅದೆಲ್ಲ ಸಣ್ಣ ಮೊತ್ತ ಮೇಡಂ, ಮುಂದಿನ ವರ್ಷ ನೋಡಿಕೊಳ್ಳೋಣ’ ಎಂಬ ಉತ್ತರ ಬಂತು. ಮುಂದಿನ ವರ್ಷ ಬಂದ ಬಿಲ್ಲು ಅಂಗಡಿ ಕಟ್ಟಲು ಕೊಟ್ಟ ಹಣಕ್ಕಿಂತ ದೊಡ್ಡದಾಗಿತ್ತು.

ಆ ಬಿಲ್ಲನ್ನು ಸಾಲುಸಾಲಾಗಿ ಬಿಡಿಸಿ ನೋಡಿದಾಗ ಹಲವು ಸಂಗತಿಗಳು ಹೊರಬಿದ್ದವು. ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಅವರು ಪ್ರತ್ಯೇಕ ಶುಲ್ಕ ಹಾಕಿದ್ದರು. ಗ್ರಾಹಕರ ಬ್ರೌಸರ್‌ಗೂ ಅಂಗಡಿಗೂ ನಡುವಿನ ಮಾಹಿತಿಯನ್ನು ಗುಪ್ತಗೊಳಿಸುವ ಈ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ವ್ಯವಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ, ಮತ್ತು ಬಹುತೇಕ ಹೋಸ್ಟಿಂಗ್ ಕಂಪನಿಗಳು ಅದನ್ನು ತಾವೇ ಅಳವಡಿಸಿ ತಾನಾಗಿ ನವೀಕರಣಗೊಳ್ಳುವಂತೆ ಮಾಡಿರುತ್ತವೆ. ನನ್ನ ಜಾಲತಾಣದ ವಿಳಾಸದ ಪಕ್ಕದ ಬೀಗದ ಗುರುತನ್ನು ಒತ್ತಿ ನೋಡಿದಾಗ ಪ್ರಮಾಣಪತ್ರ ಕೊಟ್ಟವರ ಹೆಸರಿನ ಜಾಗದಲ್ಲಿ ಕಂಡದ್ದೂ ಲೆಟ್ಸ್ ಎನ್‌ಕ್ರಿಪ್ಟ್ ಎಂದೇ. ಅಳವಡಿಸುವ ಶ್ರಮಕ್ಕೆ ಕೂಲಿ ಕೇಳಿದ್ದರೆ ಕೊಡಬಹುದಿತ್ತು. ಪುಕ್ಕಟೆ ಸಿಗುವ ಪತ್ರದ ‘ಬೆಲೆ’ ಎಂದು ಪ್ರತಿವರ್ಷ ವಸೂಲು ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೋಸ್ಟಿಂಗ್ ವಿಷಯದಲ್ಲಿ ನಡೆಯುವುದು ಬೇರೆ ಬಗೆಯ ಆಟ. ಜಾಹೀರಾತಿನಲ್ಲಿ ಕಾಣುವ ಕಡಿಮೆ ದರ ಸಾಮಾನ್ಯವಾಗಿ ಮೊದಲ ಅವಧಿಗೆ ಮಾತ್ರ, ಅದೂ ಹಲವು ವರ್ಷಗಳ ಹಣವನ್ನು ಮುಂಗಡವಾಗಿ ಕಟ್ಟಿದವರಿಗೆ. ನವೀಕರಣದ ದರ ಅದರ ಎರಡು ಮೂರು ಪಟ್ಟು ಇರುವುದು ಅಪರೂಪವಲ್ಲ. ಅಂಗಡಿಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳದ್ದೂ ಇದೇ ಕಥೆ. ಆನ್‌ಲೈನ್ ಅಂಗಡಿ ನಡೆಸುವ ವೂಕಾಮರ್ಸ್‌ನಂಥ ತಂತ್ರಾಂಶದ ಮೂಲಭಾಗ ಉಚಿತವೇ ಹೌದು, ಆದರೆ ಅದಕ್ಕೆ ಜೋಡಿಸುವ ಸಾಗಣೆ ದರದ ಪ್ಲಗಿನ್, ಇನ್‌ವಾಯ್ಸ್ ಪ್ಲಗಿನ್ ಮತ್ತು ಚೆಂದದ ಥೀಮ್ ಇವುಗಳಿಗೆ ಹೆಚ್ಚಾಗಿ ವಾರ್ಷಿಕ ಲೈಸೆನ್ಸ್ ಬೇಕಾಗುತ್ತದೆ. ಲೈಸೆನ್ಸ್ ಮುಗಿದರೂ ಸಾಮಾನ್ಯವಾಗಿ ಪ್ಲಗಿನ್ ಕೆಲಸ ಮಾಡುತ್ತಲೇ ಇರುತ್ತದೆ. ನಿಲ್ಲುವುದು ಅಪ್‌ಡೇಟ್‌ಗಳು ಮಾತ್ರ. ಹೊರನೋಟಕ್ಕೆ ಏನೂ ಕೆಟ್ಟಂತೆ ಕಾಣದ ಆ ಅಂಗಡಿಯಲ್ಲಿ ಭದ್ರತಾ ಲೋಪಗಳು ಮುಚ್ಚದೆ ಉಳಿಯುತ್ತವೆ. ನನಗೆ ಮಾಡಿಕೊಟ್ಟವರು ಒಂದೇ ಲೈಸೆನ್ಸನ್ನು ತಮ್ಮ ಹೆಸರಿನಲ್ಲಿ ಕೊಂಡು ಹಲವು ಗಿರಾಕಿಗಳ ತಾಣಗಳಿಗೆ ಹಂಚಿದ್ದರು, ಪ್ರತಿಯೊಬ್ಬರಿಂದಲೂ ಪೂರ್ತಿ ಬೆಲೆ ಪಡೆದಿದ್ದರು. ನಮ್ಮಿಬ್ಬರ ಸಂಬಂಧ ಕೆಟ್ಟ ಮೇಲೆ ಆ ಲೈಸೆನ್ಸ್‌ನಿಂದ ನನ್ನ ತಾಣವನ್ನು ಅವರು ತೆಗೆದುಹಾಕಿದರು.

ಇವೆಲ್ಲವೂ ಹಣದಲ್ಲಿ ಮುಗಿಯುವ ತೊಂದರೆಗಳು. ಡೊಮೇನ್‌ನದ್ದು ಹಾಗಲ್ಲ, ಅಂಗಡಿಯ ಜುಟ್ಟೇ ಅಲ್ಲಿದೆ. ಡಾಟ್ ಕಾಮ್‌ನಂಥ ಡೊಮೇನ್‌ಗಳ ನಿಯಮಗಳನ್ನು ರೂಪಿಸುವ ಐಕ್ಯಾನ್ ಸಂಸ್ಥೆಯ ವ್ಯವಸ್ಥೆಯಲ್ಲಿ, ನೋಂದಣಿದಾರ ಎಂದು ಯಾರ ಹೆಸರು ದಾಖಲಾಗಿದೆಯೋ ಹಕ್ಕು ಅವರದ್ದು. ಹಣ ಯಾರ ಜೇಬಿನಿಂದ ಹೋಯಿತು ಎಂಬುದನ್ನು ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರಿ ನೋಂದಾಯಿಸುವ ಕಂಪನಿ, ಕೇಳುವುದಿಲ್ಲ. ನೋಂದಣಿದಾರರು ಕೋರಿದರೆ, ಡೊಮೇನನ್ನು ಬೇರೆಡೆಗೆ ಒಯ್ಯಲು ಬೇಕಾದ ವರ್ಗಾವಣೆ ಸಂಕೇತವನ್ನು ರಿಜಿಸ್ಟ್ರಾರ್ 5 ದಿನಗಳೊಳಗೆ ಒದಗಿಸಬೇಕೆಂಬ ನಿಯಮವೂ ಇದೆ. ಆದರೆ ನನ್ನ ಡೊಮೇನ್ ನೋಂದಣಿಯಾಗಿದ್ದದ್ದು ಆ ಸಂಸ್ಥೆಯ ಹೆಸರಿನಲ್ಲಿ, ಅವರದೇ ಇಮೇಲ್‌ನಲ್ಲಿ. ಹಾಗಾಗಿ ಆ ನಿಯಮದಿಂದ ನನಗೆ ಕವಡೆಯಷ್ಟೂ ಪ್ರಯೋಜನವಾಗಲಿಲ್ಲ. ರಿಜಿಸ್ಟ್ರಾರ್‌ಗೆ ಬರೆದ ಪತ್ರಕ್ಕೆ, ‘ದಾಖಲೆಯಲ್ಲಿರುವ ಇಮೇಲ್‌ನಿಂದ ಸಂಪರ್ಕಿಸಿ’ ಎಂಬ ಸಿದ್ಧ ಉತ್ತರ ಬಂತು.

ಯಾರ ಹೆಸರಿನಲ್ಲಿದೆ ಎಂದು ಹೊರಗಿನಿಂದ ಪರೀಕ್ಷಿಸುವುದೂ ಈಗ ಸುಲಭವಲ್ಲ. ಯುರೋಪಿನ ದತ್ತಾಂಶ ರಕ್ಷಣೆಯ ಕಾಯಿದೆ 2018ರಲ್ಲಿ ಜಾರಿಯಾದಂದಿನಿಂದ ಡೊಮೇನ್ ಯಾರದೆಂದು ನೋಡುವ ಸಾರ್ವಜನಿಕ ಹುಡುಕಾಟದಲ್ಲಿ (ಹೂಈಸ್) ನೋಂದಣಿದಾರರ ಹೆಸರು, ವಿಳಾಸಗಳು ಹೆಚ್ಚಾಗಿ ಮರೆಯಾಗಿರುತ್ತವೆ. ಅದರಿಂದಾಗಿ ‘ಡೊಮೇನ್ ನಿಮ್ಮದೇ’ ಎಂಬ ಬಾಯಿಮಾತನ್ನು ಪರೀಕ್ಷಿಸಲು ಉಳಿದಿರುವ ನೇರ ದಾರಿಯೆಂದರೆ, ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಇಮೇಲ್‌ನಿಂದ ನೀವೇ ಖಾತೆ ತೆರೆದು, ಡೊಮೇನನ್ನು ಅದರಲ್ಲೇ ಕೊಂಡು, ತಾಂತ್ರಿಕ ಕೆಲಸ ಮಾಡುವವರಿಗೆ ಬೇಕಾದಷ್ಟು ಮಾತ್ರ ಪ್ರವೇಶ ಕೊಡುವುದು. ಅವಧಿ ಮುಗಿದ ಡೊಮೇನನ್ನು ಅಳಿಸಿದ ಮೇಲೆ ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ, ಆದರೆ ಆಗ ತೆರಬೇಕಾದ ಶುಲ್ಕ ಮಾಮೂಲಿ ನವೀಕರಣಕ್ಕಿಂತ ಬಹಳ ಹೆಚ್ಚು. ನವೀಕರಣದ ನೆನಪೋಲೆಗಳು ಬೇರೆಯವರ ಇಮೇಲ್‌ಗೆ ಹೋಗುತ್ತಿದ್ದರೆ ಆ ಅವಕಾಶ ಕಳೆದುಹೋದದ್ದೂ ನಿಮಗೆ ತಿಳಿಯುವುದಿಲ್ಲ.

ನನ್ನಿಂದ ಅವರು ಕೇಳಿದ್ದು ‘ಡೊಮೇನ್ ಬಿಡುಗಡೆ ಶುಲ್ಕ’. ಹಾಗೆಂಬ ಶುಲ್ಕ ಒಪ್ಪಂದದಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಮಾರಿಹೋದ ಪ್ರತಿ ಗೊಂಬೆಯ ಬೆನ್ನಿಗೆ ಹೊಲಿದ ಪಟ್ಟಿಯ ಮೇಲೆ ಅದೇ ವಿಳಾಸ ಅಚ್ಚಾಗಿತ್ತು, ಮತ್ತೆ ಕೊಳ್ಳಲು ಬರುವವರು ಆ ಪಟ್ಟಿಯನ್ನು ನೋಡಿಯೇ ಬರುತ್ತಿದ್ದರು. ಹಾಗಾಗಿ ಹಣ ಕೊಟ್ಟು ಬಿಡಿಸಿಕೊಂಡೆ. ಇದನ್ನು ಸುಲಿಗೆ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಇನ್ನು ಕೊಟೇಶನ್ನಿನಲ್ಲಿ ಎಂದೂ ಕಾಣದ, ಪ್ರತಿ ಮಾರಾಟದೊಂದಿಗೆ ಸೋರಿಹೋಗುವ ಖರ್ಚುಗಳ ಮಾತು. ಪೇಮೆಂಟ್ ಗೇಟ್‌ವೇಗಳು ಪ್ರತಿ ವಹಿವಾಟಿನಲ್ಲಿ ಶೇಕಡಾವಾರು ಪಾಲನ್ನು, ಅನೇಕ ಕಡೆ ಅದರ ಮೇಲೊಂದು ನಿಗದಿತ ಮೊತ್ತವನ್ನೂ ಹಿಡಿದುಕೊಳ್ಳುತ್ತವೆ. ಗ್ರಾಹಕರು ವಸ್ತುವನ್ನು ಹಿಂತಿರುಗಿಸಿದಾಗ ನೀವು ಪೂರ್ತಿ ಹಣ ಮರಳಿಸುತ್ತೀರಿ, ಆದರೆ ಹಿಡಿದುಕೊಂಡ ಶುಲ್ಕವನ್ನು ಹಲವು ಗೇಟ್‌ವೇಗಳು ನಿಮಗೆ ಮರಳಿಸುವುದಿಲ್ಲ. ಒಂದು ಗೊಂಬೆಯ ಬೆಲೆ 100 ಎಂದಿಟ್ಟುಕೊಳ್ಳೋಣ: ಬಟ್ಟೆ ಮತ್ತು ಹೊಲಿಗೆಗೆ 70, ಸಾಗಣೆಗೆ 15, ಗೇಟ್‌ವೇಗೆ 3 ಹೋದರೆ ಉಳಿಯುವುದು 12. ಅದೇ ಗೊಂಬೆ ವಾಪಸು ಬಂದರೆ ಎರಡು ದಿಕ್ಕಿನ ಸಾಗಣೆ 30 ಮತ್ತು ಗೇಟ್‌ವೇಯ 3 ಸೇರಿ 33 ಕೈಬಿಟ್ಟಂತೆ. ಅಂದರೆ ಒಂದು ವಾಪಸಾತಿಯನ್ನು ತುಂಬಲು ಹೆಚ್ಚು ಕಡಿಮೆ ಮೂರು ಮಾರಾಟಗಳ ಲಾಭ ಬೇಕು. ಗ್ರಾಹಕರು ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂಪಡೆಯುವ ಚಾರ್ಜ್‌ಬ್ಯಾಕ್ ಆದರಂತೂ ಅದಕ್ಕೆ ಬೇರೆಯೇ ದಂಡವಿರುತ್ತದೆ.

ಸಾಗಣೆಯ ಲೆಕ್ಕ ನನ್ನಂಥ ಹಗುರ ಸರಕಿನವರಿಗೆ ಇನ್ನೂ ದುಬಾರಿ. ಕೊರಿಯರ್ ಕಂಪನಿಗಳು ತಕ್ಕಡಿಯ ತೂಕದ ಜೊತೆಗೆ ಪೆಟ್ಟಿಗೆಯ ಗಾತ್ರದ ತೂಕವನ್ನೂ ಲೆಕ್ಕ ಹಾಕಿ, ಎರಡರಲ್ಲಿ ಹೆಚ್ಚಿನದಕ್ಕೆ ಹಣ ಪಡೆಯುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವ್ಯಾಪಕವಾಗಿರುವ ಸೂತ್ರ. ನಮ್ಮ ದೊಡ್ಡ ಗೊಂಬೆಯ ತೂಕ 600 ಗ್ರಾಂ. ಅದನ್ನಿಟ್ಟ ಪೆಟ್ಟಿಗೆ 40, 30, 20 ಸೆಂಟಿಮೀಟರಿನದು. ಸೂತ್ರದ ಪ್ರಕಾರ ಅದು 4.8 ಕಿಲೋ. ಅಂಗಡಿ ಮಾಡಿಕೊಟ್ಟವರು ಪ್ರತಿ ವಸ್ತುವಿಗೂ ತೂಕವನ್ನಷ್ಟೇ ತುಂಬಿ, ಪಕ್ಕದಲ್ಲೇ ಇದ್ದ ಅಳತೆಯ ಮೂರು ಖಾನೆಗಳನ್ನು ಖಾಲಿ ಬಿಟ್ಟಿದ್ದರಿಂದ, ಗ್ರಾಹಕರಿಂದ 600 ಗ್ರಾಮಿನ ಸಾಗಣೆ ದರ ಬರುತ್ತಿತ್ತು, ಕೊರಿಯರ್‌ನವರಿಗೆ 4.8 ಕಿಲೋದ ದರ ಹೋಗುತ್ತಿತ್ತು. ಗೊಂಬೆ ಮೆತ್ತಗಿರುವುದರಿಂದ ಈಗ ಅದನ್ನು ಮಡಿಚಿ 30, 20, 15ರ ಪೆಟ್ಟಿಗೆಗೆ ಇಳಿಸಿದ್ದೇವೆ, ಲೆಕ್ಕ 1.8 ಕಿಲೋಗೆ ಬಂದಿದೆ. ಗಾಜು, ಮರದ ಸಾಮಾನು ಮಾರುವವರಿಗೆ ಈ ಉಪಾಯ ಸಾಧ್ಯವಿಲ್ಲ. ಅವರು ಪೆಟ್ಟಿಗೆಯನ್ನು ಅಳೆದ ನಂತರವೇ ಮಾರಾಟದ ಬೆಲೆ ನಿಗದಿ ಮಾಡುವುದು ಲೇಸು.

ತಿಂಗಳ ಬಾಡಿಗೆಗೆ ಸಿಗುವ ಸಿದ್ಧ ವೇದಿಕೆಗಳಲ್ಲಿ ಹೋಸ್ಟಿಂಗ್ ಮತ್ತು ಭದ್ರತೆಯ ತಲೆನೋವು ಇಲ್ಲವೆಂಬುದು ನಿಜ. ಆದರೆ ಅಲ್ಲಿಂದ ಹೊರಡುವಾಗ ವಸ್ತುಗಳ ಪಟ್ಟಿ ಮತ್ತು ಗ್ರಾಹಕರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಒಯ್ಯಬಹುದೇ ಹೊರತು ವಿನ್ಯಾಸ ಜೊತೆಗೆ ಬರುವುದಿಲ್ಲ, ಗ್ರಾಹಕರ ಪಾಸ್‌ವರ್ಡ್‌ಗಳೂ ಬರುವುದಿಲ್ಲ.

ಕೊನೆಯ ಕಂತನ್ನು ಕೊಡುವ ಮುನ್ನ ಡೊಮೇನ್ ಖಾತೆ, ಹೋಸ್ಟಿಂಗ್ ಖಾತೆ, ತಾಣದ ಅಡ್ಮಿನ್ ಲಾಗಿನ್ ಮತ್ತು ಗೇಟ್‌ವೇ ಖಾತೆ ನಾಲ್ಕೂ ನಿಮ್ಮ ಇಮೇಲ್‌ನಲ್ಲಿರಬೇಕು. ಲೈಸೆನ್ಸ್‌ಗಳ ರಸೀದಿ ನಿಮ್ಮ ಹೆಸರಿಗಿರಬೇಕು. ಎರಡನೆಯ ಮತ್ತು ಮೂರನೆಯ ವರ್ಷದ ಖರ್ಚನ್ನು ಪ್ರತಿ ಸಾಲಿಗೂ ಪ್ರತ್ಯೇಕವಾಗಿ ಬರೆಸಿಕೊಂಡಿರಬೇಕು. ಈ ಷರತ್ತುಗಳನ್ನು ಮುಂದಿಟ್ಟಾಗ ಒಂದು ಸಂಸ್ಥೆ ‘ನಮ್ಮ ಪದ್ಧತಿಯಲ್ಲಿ ಹಾಗಿಲ್ಲ’ ಎಂದು ಮಾತು ಮುಗಿಸಿತು. ಈಗ ನಮ್ಮ ತಾಣ ನೋಡಿಕೊಳ್ಳುತ್ತಿರುವವರು ಒಪ್ಪಿಕೊಂಡರು. ಅವರ ಮೊದಲ ವರ್ಷದ ಮೊತ್ತ ಹಳಬರದ್ದಕ್ಕಿಂತ ಹೆಚ್ಚು, ಮೂರು ವರ್ಷಗಳದ್ದನ್ನು ಕೂಡಿಸಿದರೆ ಕಡಿಮೆ.