ಗಂಟಲ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ: ಒಂದು ಆಸ್ಪತ್ರೆಯ ಸೇವೆ ಹೇಗಿತ್ತು

ದೊಡ್ಡಪ್ಪನವರ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಉತ್ತರ ಕರ್ನಾಟಕದ ಖಾಸಗಿ ಆಸ್ಪತ್ರೆಯೊಂದರಲ್ಲಿ ‘ಕರೆಂಟು’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿದೆವು. ವಾರಕ್ಕೆ 5 ದಿನದಂತೆ 7 ವಾರ, 35 ಕಂತುಗಳಲ್ಲಿ 70 ಗ್ರೇ (ವಿಕಿರಣದ ಪ್ರಮಾಣದ ಅಳತೆ), ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ. ಇದು ಬೇರೆಡೆಯೂ ರೂಢಿಯಲ್ಲಿರುವ ಕ್ರಮವೇ. ಯಂತ್ರ ಹೊಸದು, ತಲೆ ಅಲುಗಾಡದಂತೆ ಮುಖಕ್ಕೆ ಹಾಕುವ ಮಾಸ್ಕ್ ಅಳತೆಗೆ ತಕ್ಕಂತಿತ್ತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ವೈದ್ಯರ ವಿವರಣೆ.

ಒಂದೇ ಪ್ರಮಾಣದ ವಿಕಿರಣಕ್ಕೆ ಕೆಲವು ಗಡ್ಡೆಗಳು ಏಕೆ ಜಗ್ಗುವುದಿಲ್ಲವೆಂದು ಕೇಳಿದಾಗ ಅವರು ಅವಸರಪಡದೆ ಉತ್ತರಿಸಿದರು. ವಿಕಿರಣವು ಜೀವಕೋಶದ ಡಿಎನ್‌ಎಗೆ ಮಾಡುವ ಗಾಯ ಶಾಶ್ವತವಾಗಿ ಉಳಿಯಲು ಆಮ್ಲಜನಕ ನೆರವಾಗುತ್ತದೆ. ರಕ್ತ ಸರಿಯಾಗಿ ಹರಿಯದ ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕವಿಲ್ಲದೆ ಬದುಕುವ ಜೀವಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ, ಅಷ್ಟನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶ ತಾಳಲಾರದು. ಬೀಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುವುದರಿಂದ, ಚಿಕಿತ್ಸೆಯ ನಡುವೆ ಸೇದಿದರೆ ಕರೆಂಟಿನ ಬಲವೇ ಕುಗ್ಗುತ್ತದೆ ಎಂದರು. ಮನೆಯವರು ವರ್ಷಗಟ್ಟಲೆ ಬೇಡಿಕೊಂಡರೂ ಬಿಡದ ಬೀಡಿಯನ್ನು ದೊಡ್ಡಪ್ಪ ಈ ಮಾತಿಗೆ ಬಿಟ್ಟರು.

ತಂಬಾಕಿನಿಂದ ಬಂದ ಗಡ್ಡೆಗಳಲ್ಲಿ ಗಾಯಗೊಂಡ ಜೀವಕೋಶವನ್ನು ತಡೆಯುವ ಇಲ್ಲವೇ ಸಾಯಿಸುವ ಪಿ53 ವಂಶವಾಹಿ ಕೆಟ್ಟಿರುವುದು ಸಾಮಾನ್ಯವಾದ್ದರಿಂದ, ಪೆಟ್ಟು ತಿಂದ ಜೀವಕೋಶ ಸಾಯದೆ ವಿಭಜನೆಯನ್ನು ಮುಂದುವರಿಸಬಲ್ಲದು. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನಿಂದ ಬರುವ ಟಾನ್ಸಿಲ್ ಭಾಗದ ಕ್ಯಾನ್ಸರುಗಳು ವಿಕಿರಣಕ್ಕೆ ಹೆಚ್ಚು ಸುಲಭವಾಗಿ ಕರಗುತ್ತವೆ. ಹೀಗಾಗಿ ಇಂಥ ಕ್ಯಾನ್ಸರುಗಳು ಹೆಚ್ಚಿರುವ ವಿದೇಶಗಳ ಆಶಾದಾಯಕ ಅಂಕಿಅಂಶಗಳನ್ನು ನಮ್ಮ ಬೀಡಿ-ಗುಟ್ಕಾ ರೋಗಿಗಳಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ನನ್ನ ಅಸಮಾಧಾನವಿರುವುದು ಆಡಳಿತದ ಬಗ್ಗೆ. ಚಿಕಿತ್ಸೆ ಶುರುವಾದ ಸುಮಾರು 4 ವಾರಗಳ ನಂತರ ಉಳಿದ ಕ್ಯಾನ್ಸರ್ ಜೀವಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆಂದೂ, ಆಗ ಒಂದು ದಿನ ತಪ್ಪಿದರೂ ನಷ್ಟವೆಂದೂ ಇದೇ ವಿಭಾಗದ ವೈದ್ಯರು ಎಚ್ಚರಿಸಿದ್ದರು. ಆದರೆ ಸರಿಯಾಗಿ ಆ ಹೊತ್ತಿಗೇ ಯಂತ್ರ ಕೆಟ್ಟು ಕೆಲವು ದಿನ ನಿಂತಾಗ ಕೌಂಟರಿನವರು ‘ಫೋನ್ ಮಾಡುತ್ತೇವೆ’ ಎಂದಷ್ಟೇ ಹೇಳಿ ಕಳಿಸಿದರು. ನಾವಾಗಿಯೇ ವೈದ್ಯರನ್ನು ಹುಡುಕಿ ಕೇಳಿದ ಮೇಲೆ, 6 ಗಂಟೆಗೂ ಹೆಚ್ಚು ಅಂತರವಿಟ್ಟು ದಿನಕ್ಕೆ ಎರಡು ಕಂತು ಕೊಟ್ಟು ಸರಿದೂಗಿಸಿದರು. ಕೇಳಲು ತಿಳಿಯದ ರೋಗಿಗಳ ಪಾಡೇನು?

ವೈದ್ಯಕೀಯಕ್ಕೆ ಐದಕ್ಕೆ ನಾಲ್ಕೂವರೆ, ಆಡಳಿತಕ್ಕೆ ಎರಡು ಅಂಕ. ಇಲ್ಲಿಗೆ ಹೋಗುವವರು ಹಣ ಕಟ್ಟುವ ಮೊದಲೇ, ಯಂತ್ರ ನಿಂತರೆ ಪರ್ಯಾಯ ವ್ಯವಸ್ಥೆ ಏನೆಂದು ಕೇಳಿಕೊಳ್ಳಿ.