ನಿಧಿ ಸಿಗಲ್ಲ, ಚಿಲ್ಲರೆ ಸಿಗುತ್ತದೆ: ಮೆಟಲ್ ಡಿಟೆಕ್ಟರ್ ಬಳಸಿದವನ ಮಾತು

ಮೊದಲೇ ಹೇಳಿಬಿಡುತ್ತೇನೆ. ಹೊನ್ನಿನ ಕೊಪ್ಪರಿಗೆ ಸಿಗುತ್ತದೆ ಅಂತ ಮೆಟಲ್ ಡಿಟೆಕ್ಟರ್ ತಗೊಳ್ಳಲು ಹೊರಟಿದ್ದರೆ ದುಡ್ಡು ಉಳಿಸಿಕೊಳ್ಳಿ. ಹಳೇ ನಾಣ್ಯದ ಹುಚ್ಚಿದೆ, ಸ್ವಂತ ಜಮೀನಿದೆ, ಬಗ್ಗಿ ಅಗೆಯಲು ಸೊಂಟ ಗಟ್ಟಿಯಿದೆ ಅನ್ನುವವರು ಮುಂದೆ ಓದಿ.

ನನ್ನದು ಮಂಡ್ಯ ಕಡೆ, ವಿ.ಸಿ. ನಾಲೆ ಬಯಲು. ಒಂದಷ್ಟು ಗದ್ದೆ, ಊರ ಮೇಲ್ಗಡೆ ರಾಗಿ ಹೊಲ, ಹಳೇ ಕಣದ ಜಾಗ. ಯಂತ್ರ ತಗೊಂಡು ಕೆಲವು ವರ್ಷಗಳಾದವು. ಹೊರದೇಶದ ಮಾಲು, ಮಧ್ಯಮ ದರ್ಜೆ, 30 ಸಾವಿರದ ಆಸುಪಾಸು ಬಿತ್ತು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಯಂತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡುತ್ತವೆ. ಹಾಗಾಗಿ ಯಾವುದು ತಗೊಂಡರೂ ಈ ಮಾತು ಅನ್ವಯಿಸುತ್ತದೆ.

ಕೆಲಸ ಮಾಡುವ ರೀತಿ ಸರಳ. ಕೋಲಿನ ಕೆಳತುದಿಯಲ್ಲಿರುವ ಕಾಯಿಲ್‌ನಿಂದ, ಅಂದರೆ ಒಳಗೆ ತಂತಿ ಸುತ್ತಿದ ತಟ್ಟೆಯಿಂದ, ಕಾಂತಕ್ಷೇತ್ರ ಮಣ್ಣಿಗಿಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟ್ ಸುತ್ತುತ್ತದೆ. ಅದರಿಂದ ವಾಪಸ್ ಬರುವ ಸಿಗ್ನಲ್ ಎಷ್ಟು ಹಿಂದೆ ಬಿದ್ದಿದೆ ಅಂತ ಅಳೆದು ಯಂತ್ರ ಒಂದು ನಂಬರ್ ತೋರಿಸುತ್ತದೆ. ನನ್ನದರಲ್ಲಿ 0ಯಿಂದ 99. ಕಬ್ಬಿಣ ಕೆಳಗೆ, ತಾಮ್ರ ಮತ್ತು ಬೆಳ್ಳಿ ಮೇಲೆ. ಜೊತೆಗೆ ದನಿಯೂ ಬೇರೆ ಬೇರೆ. ಕಬ್ಬಿಣಕ್ಕೆ ಗೊರಗೊರ, ಬೆಳ್ಳಿಗೆ ಸಿಳ್ಳೆ. ಒಂದು ರೂಪಾಯಿ ಗಾತ್ರದ ನಾಣ್ಯ ಒಂದು ಗೇಣು ಆಳದ ತನಕ ಸಿಕ್ಕರೆ ಅದೇ ಪುಣ್ಯ. ಜಾಹೀರಾತಿನಲ್ಲಿ ಮೀಟರ್‌ಗಟ್ಟಲೆ ಅಂತ ಬರೆದಿರುವುದು ಬಿಂದಿಗೆ, ಹಂಡೆ ಗಾತ್ರದ ಲೋಹಕ್ಕೆ.

ಮಧ್ಯದ ನಂಬರುಗಳಲ್ಲೇ ಎಲ್ಲಾ ತಕರಾರು ಇರುವುದು. ಅಂಚು ಹೂವಿನೆಸಳಿನ ಹಾಗೆ ಇರುತ್ತದಲ್ಲ, ಬ್ರಿಟಿಷರ ಕಾಲದ ಒಂದಾಣೆ, ಅದು ತಾಮ್ರ ಮತ್ತು ನಿಕ್ಕಲ್ ಮಿಶ್ರಣ. ಕರೆಂಟ್ ಚೆನ್ನಾಗಿ ಹರಿಯಲ್ಲ. ಹಾಗಾಗಿ ಯಂತ್ರದ ಲೆಕ್ಕದಲ್ಲಿ ಅದು ಗುಟ್ಕಾ ಪ್ಯಾಕೆಟ್ಟಿನ ಬೇಗಡೆಗೂ ಮಾತ್ರೆ ಸ್ಟ್ರಿಪ್ಪಿಗೂ ಅಕ್ಕಪಕ್ಕದ ಮನೆ. ಬೇಗಡೆ ಬೇಡ ಅಂತ ಡಿಸ್ಕ್ರಿಮಿನೇಷನ್, ಅಂದರೆ ಬೇಡದ ನಂಬರುಗಳ ದನಿ ಅಡಗಿಸುವ ಸೆಟ್ಟಿಂಗ್, ಹಾಕಿದರೆ ಆಣೆಯೂ ಹೋಯಿತು. 1964ರಿಂದ ಈಚೆಗೆ ಬಂದ ಅಲ್ಯೂಮಿನಿಯಂ ಪೈಸೆಗಳು, ಅಂದರೆ ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಇವೂ ಗೊಂದಲದ ಗಿರಾಕಿಗಳೇ. ನಾನು ಡಿಸ್ಕ್ರಿಮಿನೇಷನ್ ಮುಟ್ಟುವುದೇ ಇಲ್ಲ. ಎಲ್ಲಾ ದನಿ ಕೇಳಿಸಿಕೊಂಡು ಅಗೆಯುತ್ತೇನೆ.

ಇನ್ನು ಚಿನ್ನ. ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವುದು ಕಂಠೀರಾಯ ಹಣ. ರಣಧೀರ ಕಂಠೀರವ ನರಸರಾಜ ಒಡೆಯರ್ 1638ರಿಂದ 1659ರವರೆಗೆ ಆಳಿದಾಗ ಹೊರಡಿಸಿದ್ದು. ಬೆರಳ ತುದಿಯಲ್ಲಿ ಅಂಟಿಸಿಕೊಂಡರೆ ಉಗುರಿಗಿಂತ ಚಿಕ್ಕದು, ಅರ್ಧ ಗ್ರಾಂ ಕೂಡ ತೂಗಲ್ಲ. ಈ ಬೆಲೆಯ ಯಂತ್ರದಲ್ಲಿ ಅದು ನಾಲ್ಕು ಬೆರಳು ಆಳಕ್ಕೆ ಹೋಗಿದ್ದರೆ ಕೇಳಿಸುವುದೇ ಕಷ್ಟ, ಕೇಳಿಸಿದರೂ ಬೇಗಡೆ ಚೂರಿನ ದನಿ. ‘ಗೋಲ್ಡ್ ಡಿಟೆಕ್ಟರ್’ ಅಂತ ಡಬ್ಬದ ಮೇಲೆ ಬರೆದು ಮಾರುವವರಿಗೆ ಈ ಪ್ರಶ್ನೆ ಕೇಳಿ ನೋಡಿ. ಎರಡು ಆಂಟೆನಾ ಕಡ್ಡಿ ಇಟ್ಟುಕೊಂಡು ಒಂದು ಕಿಲೋಮೀಟರ್ ದೂರದ ನಿಧಿ ತೋರಿಸುತ್ತೇವೆ ಅನ್ನುವವರೂ ಇದ್ದಾರೆ. ಅದು ಯಂತ್ರವಲ್ಲ, ಟೋಪಿ.

ಮಣ್ಣಿನ ವಿಷಯಕ್ಕೆ ಬರೋಣ. ಮೇಲಿನ ಹೊಲದ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಬರೀ ಮಣ್ಣಿಗೆ ಕೂಗದ ಹಾಗೆ ಯಂತ್ರವನ್ನು ಹೊಂದಿಸುವುದು, ಸರಿ ಮಾಡದೆ ಹೊರಟರೆ ಯಂತ್ರ ಖಾಲಿ ನೆಲಕ್ಕೂ ಕೂಗುತ್ತದೆ. ಹೊಲಕ್ಕೆ ಕಾಲಿಟ್ಟ ತಕ್ಷಣ ಲೋಹವಿಲ್ಲದ ಜಾಗ ನೋಡಿ, ಬಟನ್ ಒತ್ತಿಕೊಂಡು ಕಾಯಿಲ್ ಅನ್ನು ಮೇಲೆ ಕೆಳಗೆ ಆಡಿಸಬೇಕು. ಸೆನ್ಸಿಟಿವಿಟಿ ಪೂರ್ತಿ ಏರಿಸುವ ಆಸೆ ಬೇಡ. ಎರಡು ಗೆರೆ ಕಡಿಮೆ ಇಟ್ಟರೆ ಗಲಾಟೆ ಇಳಿಯುತ್ತದೆ, ಆಳ ಅಷ್ಟೇನೂ ಕಡಿಮೆಯಾಗಲ್ಲ. ಗದ್ದೆಯಲ್ಲಿ ಕೊಯ್ಲಾದ ಮೇಲೆ ಮಣ್ಣು ಇನ್ನೂ ಹಸಿ ಇರುವಾಗ ಸಿಗ್ನಲ್ ಚೆನ್ನಾಗಿ ಬರುತ್ತದೆ, ಅಗೆಯುವುದೂ ಸುಲಭ. ಏಪ್ರಿಲ್‌ನಲ್ಲಿ ಒಣಗಿ ಬಿರುಕು ಬಿಟ್ಟ ಗದ್ದೆಗೆ ಹೋದರೆ ಹಾರೆ ಬೇಕು.

ಕೈಪಿಡಿಯಲ್ಲಿ ಎಲ್ಲೂ ಬರೆಯದ ಒಂದು ಸಂಗತಿ ಇದೆ. ಪಂಪ್‌ಸೆಟ್ ಓಡುತ್ತಿದ್ದರೆ, ಇಲ್ಲವೇ ತಲೆ ಮೇಲೆ 11 ಕೆವಿ ಲೈನ್ ಹೋಗಿದ್ದರೆ ಯಂತ್ರಕ್ಕೆ ದೆವ್ವ ಹಿಡಿಯುತ್ತದೆ. ನಂಬರ್ ಒಂದು ಕಡೆ ನಿಲ್ಲಲ್ಲ. ಫ್ರೀಕ್ವೆನ್ಸಿ ಬದಲಿಸುವ ಆಯ್ಕೆ ಇದೆ, ಅಲ್ಪಸ್ವಲ್ಪ ಸಹಾಯ ಆಗುತ್ತದೆ. ನಾನಂತೂ ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತು ನೋಡಿಕೊಂಡು ಹೊರಡುತ್ತೇನೆ. ಊರಲ್ಲಿ ತ್ರೀ ಫೇಸ್ ಹೋಗಲಿ ಅಂತ ಕಾಯುವ ರೈತ ನಾನೊಬ್ಬನೇ ಇರಬೇಕು.

ಏನೇನು ಸಿಗುತ್ತದೆ? ಎತ್ತಿನ ಲಾಳ, ಲಾಳದ ಮೊಳೆ, ಗಾಡಿ ಚಕ್ರದ ಪಟ್ಟಿ ಚೂರು, ಮುರಿದ ಕುಡುಗೋಲು, ಬಿಯರ್ ಬಾಟಲಿ ಮುಚ್ಚಳ. ಲಾಳ ಚಪ್ಪಟೆ ಕಬ್ಬಿಣ, ಹಾಗಾಗಿ ಒಮ್ಮೊಮ್ಮೆ ಬೆಳ್ಳಿಯ ನಂಬರ್ ತೋರಿಸಿ ಆಸೆ ಹುಟ್ಟಿಸುತ್ತದೆ. ಮೋಟಾರ್ ವೈಂಡಿಂಗ್ ಮಾಡಿದವರು ಎಸೆದ ತಾಮ್ರದ ತಂತಿ ಇನ್ನೂ ಮೋಸಗಾರ. ಅನುಮಾನ ಬಂದರೆ ಅದೇ ಜಾಗಕ್ಕೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಕಾಯಿಲ್ ಮತ್ತೆ ಆಡಿಸಿ. ನಾಣ್ಯವಾದರೆ ಎರಡೂ ಕಡೆಯಿಂದ ನಂಬರ್ ಒಂದೇ ಇರುತ್ತದೆ, ಕಬ್ಬಿಣವಾದರೆ ಓಲಾಡುತ್ತದೆ.

ನಾಣ್ಯಗಳಲ್ಲಿ ಜಾಸ್ತಿ ಸಿಕ್ಕಿರುವುದು ಕಾಲಾಣೆ. ವಿಕ್ಟೋರಿಯಾ ರಾಣಿ ಮುಖದ್ದು, ಐದನೇ ಜಾರ್ಜ್‌ದು, ಜೊತೆಗೆ 1943ರಿಂದ ಬಂದ ತೂತು ಕಾಸು. 1957ರ ನಯಾ ಪೈಸೆಗೂ ಬರವಿಲ್ಲ. ಕಣದ ಸುತ್ತ ಸಿಗುವುದು ಅರ್ಥವಾಗುತ್ತದೆ. ಕೂಲಿ ಕೊಟ್ಟದ್ದು ಅಲ್ಲೇ, ಎಲೆಅಡಿಕೆ ಚೀಲ ಬಿಚ್ಚಿದ್ದು ಅಲ್ಲೇ, ಸೆರಗಿನ ಗಂಟು ಸಡಿಲವಾದದ್ದೂ ಅಲ್ಲೇ. ಹೊಲದ ನಟ್ಟನಡುವೆ ಯಾಕೆ ಸಿಗುತ್ತದೆ ಅನ್ನುವುದಕ್ಕೆ ನನ್ನ ಲೆಕ್ಕ ತಿಪ್ಪೆ. ಮನೆ ಗುಡಿಸಿದ ಕಸ ತಿಪ್ಪೆಗೆ, ತಿಪ್ಪೆಗೊಬ್ಬರ ಗಾಡಿಯಲ್ಲಿ ಹೊಲಕ್ಕೆ. ಅಟ್ಟದಿಂದ, ಗೋಡೆ ಸಂದಿಯಿಂದ ಬಿದ್ದ ಕಾಸೂ ಅದರ ಜೊತೆ ಹೋಗಿರುತ್ತದೆ. ಪ್ರತಿ ವರ್ಷ ಗೊಬ್ಬರ ಮೊದಲು ಸುರಿಯುತ್ತಿದ್ದ ಮೂಲೆಯಲ್ಲೇ ನನಗೆ ಹೆಚ್ಚು ಸಿಕ್ಕಿದೆ.

ಅದೇ ಮೂಲೆಯಲ್ಲಿ ಒಂದು ಸಂಜೆ ಎಂಬತ್ತರ ಮೇಲಿನ ನಂಬರ್ ಅಲುಗಾಡದೆ ನಿಂತಿತು. ಪಿಕಾಸಿ ಬಿಟ್ಟು ಕೈಗುದ್ದಲಿಯಲ್ಲಿ ಸುತ್ತ ಬಿಡಿಸಿದೆ. ಹೆಂಟೆ ಒಡೆದಾಗ ಹಸಿರು ಅಂಚು ಕಾಣಿಸಿತು. ಕೈಗೆ ತಗೊಂಡರೆ ಭಾರ, ಗುಂಡನೆಯ ದಪ್ಪ ಬಿಲ್ಲೆ. ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಮೆಲ್ಲಗೆ ಆಡಿಸಿದೆ. ಮೊದಲು ಬಂದದ್ದು ಬಾಲ, ಆಮೇಲೆ ಹಿಂಗಾಲು, ಆಮೇಲೆ ಬೆನ್ನು. ಸೊಂಡಿಲ ಕಡೆ ಸವೆದು ಹೋಗಿತ್ತು. ಆನೆ ಅಂದ ತಕ್ಷಣ ಟಿಪ್ಪು ಅನ್ನಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ತಾಮ್ರದ ಕಾಸಿನಲ್ಲೂ ಆನೆ ಇದೆ, ಅದರ ಮೇಲೆ ಸೂರ್ಯ ಚಂದ್ರ ಇರುತ್ತಾರೆ. ಇದರಲ್ಲಿ ಇರಲಿಲ್ಲ, ಹಿಂದುಗಡೆ ಪರ್ಷಿಯನ್ ಅಕ್ಷರ. ಹಾಗಾಗಿ ಟಿಪ್ಪು ಕಾಲದ್ದಿರಬೇಕು ಅಂತ ನನ್ನ ಲೆಕ್ಕ. ಶ್ರೀರಂಗಪಟ್ಟಣದ ಟಂಕಸಾಲೆಯದಾದರೆ ‘ಪಟನ್’ ಅಂತ ಇರುತ್ತದೆ. ಟಿಪ್ಪು ತನ್ನದೇ ಮೌಲೂದಿ ಶಕೆ ಶುರು ಮಾಡಿದ ಮೇಲಿನ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ತಿರುಗಾಮುರುಗಾ ಓದಿ ತಲೆ ಕೆಡಿಸಿಕೊಳ್ಳುತ್ತಾರೆ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಅದಕ್ಕೇ. ತಂಬಿಗೆಗೆ ಸರಿ, ನಾಣ್ಯಕ್ಕಲ್ಲ. ಆ ಹಸಿರು ಕಂದು ಪದರ ಹೋದರೆ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ, ಮಣ್ಣನ್ನು ಮರದ ಕಡ್ಡಿಯಿಂದ ಬಿಡಿಸಿ. ಸಾಕು.

ಕಾನೂನು ತಿಳಿಯದೆ ಈ ಹವ್ಯಾಸಕ್ಕೆ ಇಳಿಯಬೇಡಿ. 1878ರ ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಅಡಗಿದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ಏನೇ ಸಿಕ್ಕರೂ ಎಲ್ಲಿ, ಯಾವತ್ತು, ಏನು ಸಿಕ್ಕಿತು ಅಂತ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು, ಅದನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗಿಲ್ಲ. ಆ ಆನೆ ಕಾಸಿನ ಬಗ್ಗೆ ನಾನು ಅರ್ಜಿ ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದೇನೆ. ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು, ಮೇಲುಕೋಟೆ ಕಡೆ ಹೋಗೋಣ ಬನ್ನಿ ಅಂತ ಕರೆಯುವವರಿದ್ದಾರೆ. ಸಂರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಅಗೆದರೆ ಕೇಸು. ಅಲ್ಲಿ ಮಣ್ಣಿನ ಯಾವ ಪದರದಲ್ಲಿ ಏನಿತ್ತು ಅನ್ನುವುದೇ ಇತಿಹಾಸ, ನಾವು ಗುಂಡಿ ತೋಡಿದರೆ ಅದು ಹಾಳು. ನನ್ನ ಯಂತ್ರ ನನ್ನ ಬದು ದಾಟಲ್ಲ. ದಾಟಿದರೆ ಜಮೀನಿನವರ ಒಪ್ಪಿಗೆ ಕೇಳಿಯೇ.

ಕಾನೂನಿಗಿಂತ ಮೊದಲು ಊರು. ನಿಧಿ ಆಸೆಗೆ ಹಳೇ ಗುಡಿ ಅಗೆದ ಸುದ್ದಿ ಎಲ್ಲರೂ ಕೇಳಿದವರೇ. ಹಾಗಾಗಿ ಇದನ್ನು ಹಿಡಿದು ನಡೆದರೆ ಜನ ನಿಂತು ನೋಡುತ್ತಾರೆ. ರಾತ್ರಿಯಂತೂ ಬೇಡವೇ ಬೇಡ. ನಮ್ಮ ದೊಡ್ಡಪ್ಪ ಈಗಲೂ ಬದುವಿನ ಮೇಲೆ ನಿಂತು, “ಏನ್ಲಾ, ಕೊಪ್ಪರಿಗೆ ಎಲ್ಲಾ ನೀನೇ ಖಾಲಿ ಮಾಡ್ಬುಟ್ಯಾ, ನಮ್ಗೂ ಒಂಚೂರು ಬುಡ್ಲಾ” ಅನ್ನುತ್ತಾರೆ. “ಲಾಳ ಐತೆ, ಬೇಕಾ ದೊಡ್ಡಪ್ಪ?” ಅಂತೀನಿ. ಊರವರ ಅನುಮಾನ ಕಳೆದದ್ದು ನಾಟಿ ಮಾಡುವಾಗ ಕಳೆದುಹೋದ ಒಂದು ಉಂಗುರ ಹುಡುಕಿಕೊಟ್ಟ ಮೇಲೆ. ಈಗ ಏನು ಬಿದ್ದರೂ ನನ್ನನ್ನೇ ಕರೆಯುತ್ತಾರೆ. ಉಂಗುರ ಸುಲಭ, ಪೂರ್ತಿ ಸುತ್ತು ಇರುವುದರಿಂದ ಕರೆಂಟ್ ಚೆನ್ನಾಗಿ ಸುತ್ತುತ್ತದೆ. ಸಣ್ಣ ಕೊಂಡಿಯ ಚೈನು ಕಷ್ಟ, ಒಂದೊಂದು ಕೊಂಡಿಯೂ ಬೇರೆ ಬೇರೆ ಚೂರಿನ ಹಾಗೆ ಕೇಳುತ್ತದೆ.

ಹೊಳೆಗೆ ತಗೊಂಡು ಹೋಗಬಹುದಾ ಅಂತ ಕೇಳುತ್ತಾರೆ. ನನ್ನದರಲ್ಲಿ ಕಾಯಿಲ್ ಮಾತ್ರ ನೀರಿಗೆ ತಡೆಯುತ್ತದೆ, ಮೇಲಿನ ಡಬ್ಬ ತಡೆಯಲ್ಲ. ಕಾವೇರಿ ತೀರದಲ್ಲಿ ಹುಡುಗರು ಹಗ್ಗಕ್ಕೆ ಆಯಸ್ಕಾಂತ ಕಟ್ಟಿ ನಾಣ್ಯ ಎತ್ತುತ್ತಾರಲ್ಲ, ಅವರಿಗೆ ಸಿಗುವುದು ಹೆಚ್ಚಾಗಿ ಈಗಿನ ಸ್ಟೀಲ್ ನಾಣ್ಯ. ತಾಮ್ರ, ಬೆಳ್ಳಿ, ತಾಮ್ರ ನಿಕ್ಕಲ್ ಮಿಶ್ರಣ ಯಾವುದೂ ಆಯಸ್ಕಾಂತಕ್ಕೆ ಅಂಟಲ್ಲ.

ಬಾಳಿಕೆ ಪರವಾಗಿಲ್ಲ. ಮೊಣಕೈ ಕೂರುವ ಪ್ಲಾಸ್ಟಿಕ್ ಪಟ್ಟಿ ಬೋಲ್ಟ್ ಹತ್ತಿರ ಸೀಳಿತು, ಸೈಕಲ್ ರಿಪೇರಿ ಅಂಗಡಿಯಲ್ಲಿ ವಾಷರ್ ಹಾಕಿಸಿದೆ. ಮಾರಿದವರು ಬಿಡಿಭಾಗ ತರಿಸಿಕೊಡುವಷ್ಟರಲ್ಲಿ ಒಂದು ಬೆಳೆಯೇ ಮುಗಿದಿತ್ತು. ಕಾಯಿಲ್ ವೈರ್ ಸಡಿಲವಾಗಿ ಆಡುತ್ತಿದ್ದರೆ ಸುಮ್ನೆ ಕೂಗುತ್ತದೆ, ಕೋಲಿಗೆ ಬಿಗಿಯಾಗಿ ಸುತ್ತಿ. ಮಧ್ಯಾಹ್ನದ ಬಿಸಿಲಿಗೆ ಸ್ಕ್ರೀನ್ ಓದಲಾಗಲ್ಲ. ತೂಕ ಒಂದೂಕಾಲು ಕಿಲೋ ಅಷ್ಟೇ, ಆದರೂ ಸ್ವಲ್ಪ ಹೊತ್ತಿಗೆ ಭುಜ ಮಾತಾಡುತ್ತದೆ.

ದುಡ್ಡು ಹುಟ್ಟುತ್ತದಾ ಅಂದರೆ, ಇಲ್ಲ. ಸವೆದ ಕಾಲಾಣೆಗೆ ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಮುತ್ತ ಕೇಳಿ ನೋಡಿ, ಕಾಫಿ ದುಡ್ಡು ಹೇಳಿಯಾರು. ಹಳೇ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಅನ್ನುವ ಫೋನು ಬಂದರೆ ಇಟ್ಟುಬಿಡಿ. ರಿಸರ್ವ್ ಬ್ಯಾಂಕ್ 2021ರಲ್ಲೇ ಇಂಥವರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ತಗೊಳ್ಳುವುದೇ ಆದರೆ ಇನ್ನೂ ದುಬಾರಿ ಯಂತ್ರಕ್ಕೆ ಹೋಗುವ ಬದಲು ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಒಂದು ಜೊತೆಗೆ ತಗೊಳ್ಳಿ. ಅಗೆದ ಮಣ್ಣಿನ ರಾಶಿಯಲ್ಲಿ ನಾಣ್ಯ ಎಲ್ಲಿದೆ ಅಂತ ತೋರಿಸುವುದು ಅದೇ. ಕಬ್ಬಿಣದ ಚೂರು ಜಾಸ್ತಿ ಇರುವ ಹಳೇ ಮನೆಯ ಹಿತ್ತಲಿಗೆ ಚಿಕ್ಕ ಕಾಯಿಲ್ ವಾಸಿ. ಖರೀದಿ ಬಿಲ್ ಮತ್ತು ಪಹಣಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ, ಯಾರಾದರೂ ತಡೆದು ಕೇಳಿದರೆ ತೋರಿಸಲು ಬೇಕಾಗುತ್ತದೆ. ತೋಡಿದ ಗುಂಡಿ ಮುಚ್ಚಿ, ಅದರಲ್ಲಿ ಎತ್ತಿನ ಕಾಲು ಸಿಕ್ಕಿಕೊಂಡರೆ ಕಾಲಾಣೆ ಎಲ್ಲಿಗೂ ಸಾಲಲ್ಲ.