ಐಪಿ ಪಟ್ಟಿ, ಎಸ್‌ಎಸ್‌ಎಚ್ ಟನಲ್, ವೈರ್‌ಗಾರ್ಡ್: ಮೂರನ್ನೂ ಬಳಸಿ ನೋಡಿದೆ

ಸರ್ವರ್‌ನಲ್ಲಿರೋ ಡೇಟಾಬೇಸ್‌ಗೆ ಹೊರಗಿಂದ ಸುರಕ್ಷಿತವಾಗಿ ಹೋಗೋಕೆ ವೈರ್‌ಗಾರ್ಡ್ ಅನ್ನೋ ವಿಪಿಎನ್‌ಗೆ (ನನ್ನ ಲ್ಯಾಪ್‌ಟಾಪ್-ಸರ್ವರ್ ನಡುವಿನ ಖಾಸಗಿ ದಾರಿ) ಬಂದು ಎಂಟು ತಿಂಗಳಾಯ್ತು, ಇನ್ನು ಹಿಂದೆ ಹೋಗೋ ಮಾತೇ ಇಲ್ಲ. ಅಲ್ಲಿಗೆ ಬರೋ ಮುಂಚೆ ಪಟ್ಟ ಪಾಡು ಇದು.

ನನ್ನದೊಂದು ಬಾಡಿಗೆ ಕ್ಲೌಡ್ ಸರ್ವರ್, ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ನಾಲ್ಕು ಅಂಗಡಿಗಳ ಬಿಲ್ಲಿಂಗ್ ಲೆಕ್ಕ. ಆ್ಯಪ್ ಅದೇ ಸರ್ವರ್‌ನಲ್ಲಿರೋದರಿಂದ ಡೇಟಾಬೇಸ್‌ಗೆ ಹೊರಗಿಂದ ಬರಬೇಕಾದವನು ನಾನೊಬ್ಬನೇ. ಆದರೂ ಸೋಮಾರಿತನಕ್ಕೆ ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432 ಪೋರ್ಟನ್ನು 0.0.0.0/0 (ಯಾವ ಐಪಿಯಾದರೂ ಸರಿ) ಅಂತ ಊರಿಗೆಲ್ಲ ತೆರೆದಿಟ್ಟಿದ್ದೆ. ಒಂದು ಬೆಳಗ್ಗೆ ಲಾಗ್ ತೆಗೆದರೆ ಪಾಸ್‌ವರ್ಡ್ ತಪ್ಪು, ತಪ್ಪು, ತಪ್ಪು ಅಂತ ಪುಟಗಟ್ಟಲೆ. ಯಾರೋ ರಾತ್ರಿಯಿಡೀ ಬಾಗಿಲು ತಟ್ಟಿದ್ದರು.

ಆವತ್ತೇ ಕ್ಲೌಡ್ ಫೈರ್‌ವಾಲ್‌ನಲ್ಲಿ ಮನೆಯ ಐಪಿಯೊಂದಕ್ಕೇ (ಇಂಟರ್ನೆಟ್ ವಿಳಾಸ) ಅನುಮತಿ ಕೊಟ್ಟೆ. ಎರಡು ನಿಮಿಷದ ಕೆಲಸ. ಆ ನೆಮ್ಮದಿ ಕರೆಂಟ್ ಹೋಗೋವರೆಗೆ. ಕರೆಂಟ್ ಬಂದು ರೂಟರ್ ಎದ್ದಾಗ ಐಪಿ ಬೇರೆ! ಎರರ್ ಕೂಡ ಬರಲ್ಲ, ಕನೆಕ್ಷನ್ ಸುಮ್ಮನೆ ನೇತಾಡಿ ಕೊನೆಗೆ ಟೈಮ್‌ಔಟ್. ಮೊದಲ ಸಲ ಡೇಟಾಬೇಸೇ ಬಿದ್ದಿದೆ ಅಂದ್ಕೊಂಡು ಸರ್ವರ್ ರೀಸ್ಟಾರ್ಟ್ ಮಾಡಿ, ಅಂಗಡಿಯವರಿಂದ ಬೈಸ್ಕೊಂಡೆ.

ಮಳೆಗಾಲದಲ್ಲಂತೂ ಇದೇ ಕೆಲಸ. ಕ್ಲೌಡ್ ಕನ್ಸೋಲ್ ಲಾಗಿನ್, ಓಟಿಪಿ, ಅನುಮತಿ ಪಟ್ಟಿಗೆ ಹೊಸ ಐಪಿಯ ಸಾಲು. ಹಳೇ ಸಾಲು ಅಳಿಸೋಕೆ ನೆನಪಿರಲ್ಲ. ಒಂದಿನ ಎಣಿಸಿದರೆ 19 ಐಪಿ, ಅವೆಲ್ಲ ಈಗ ಯಾರ ಮನೆಯವೋ! ತಂಗಿ ಮದುವೆಗೆ ಊರಿಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ನ ಐಪಿಯನ್ನೂ ಸೇರಿಸಿದೆ. ಮೊಬೈಲ್ ನೆಟ್‌ನಲ್ಲಿ ಒಂದೇ ಐಪಿ ಹಿಂದೆ ಎಷ್ಟೋ ಜನ ಇರ್ತಾರೆ, ಅವರಿಗೆಲ್ಲ ನಾನೇ ಬಾಗಿಲು ತೆಗೆದಂಗಾಯ್ತು. ಬದಲಾಗದ ಸ್ಟ್ಯಾಟಿಕ್ ಐಪಿ ತಗೊಂಡರೆ ತಿಂಗಳ ಖರ್ಚು ಬೇರೆ, ಊರಲ್ಲಿ ಅದು ಉಪಯೋಗಕ್ಕೂ ಬರಲ್ಲ.

ಆಮೇಲೆ ಎಸ್‌ಎಸ್‌ಎಚ್ ಟನಲ್, ಅಂದ್ರೆ ಸರ್ವರ್‌ಗೆ ಲಾಗಿನ್ ಆಗೋ ಸುರಕ್ಷಿತ ಸಂಪರ್ಕದೊಳಗಿಂದಲೇ ಡೇಟಾಬೇಸ್‌ಗೆ ಹೋಗೋದು. ಅದು ಕೆಟ್ಟದ್ದೇನಲ್ಲ. 5432 ಪೂರ್ತಿ ಮುಚ್ಚಬಹುದು. ವಾರಕ್ಕೊಮ್ಮೆ ಇಣುಕೋರಿಗೆ ಇದೇ ಸಾಕು. ನಾನು ಗಂಟೆಗೊಮ್ಮೆ ಲ್ಯಾಪ್‌ಟಾಪ್ ಮುಚ್ಚಿ ಟೀಗೆ ಹೋಗೋನು. ವಾಪಸ್ ಬರೋ ಹೊತ್ತಿಗೆ ಟನಲ್ ಸತ್ತಿರುತ್ತೆ.

ವೈರ್‌ಗಾರ್ಡ್‌ಗೆ ಒಂದು ಯುಡಿಪಿ ಪೋರ್ಟ್ ಸಾಕು, ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡಲ್ಲ. ನನ್ನ ಐಪಿ ಬದಲಾದರೂ ಅದಕ್ಕೆ ಚಿಂತೆಯಿಲ್ಲ. ಪೋಸ್ಟ್‌ಗ್ರೆಸ್ ಲೋಕಲ್‌ಹೋಸ್ಟ್ (ಅದೇ ಸರ್ವರ್‌ನ ಒಳಗೆ) ಬಿಟ್ಟರೆ ವೈರ್‌ಗಾರ್ಡ್ ಒಳಗಿನ ವಿಳಾಸವಾದ 10.8.0.1ರಲ್ಲಿ ಮಾತ್ರ ಕಿವಿಗೊಡುತ್ತೆ. ಒಂದು ಸಲ ಮಾತ್ರ ಕೈಕೊಟ್ಟಿತ್ತು: ರೀಬೂಟ್ ಆದಾಗ ವೈರ್‌ಗಾರ್ಡ್‌ಗಿಂತ ಮೊದಲೇ ಪೋಸ್ಟ್‌ಗ್ರೆಸ್ ಎದ್ದು, ಆ ವಿಳಾಸವೇ ಸಿಗದೆ ಲೋಕಲ್‌ಹೋಸ್ಟ್‌ನಲ್ಲಷ್ಟೇ ಕೂತಿತ್ತು. ಸರ್ವರ್‌ನಲ್ಲಿ ಇವನ್ನೆಲ್ಲ ಎಬ್ಬಿಸೋ ಸಿಸ್ಟಮ್‌ಡಿಯಲ್ಲಿ ‘ವೈರ್‌ಗಾರ್ಡ್ ಆದ ಮೇಲೆ’ ಅಂತ ಒಂದು ಸಾಲು ಸೇರಿಸಿದೆ, ಸರಿಹೋಯ್ತು.

ಹತ್ತು ಜನರ ಟೀಮ್‌ಗೆ ಕೀ ಹಂಚೋದು ತಲೆನೋವು ಅನ್ನೋರು ಆ ಕೆಲಸ ತಾನೇ ನೋಡ್ಕೊಳ್ಳೋ ಟೇಲ್‌ಸ್ಕೇಲ್ ಅನ್ನೋ ಸೇವೆ ನೋಡಬಹುದು, ಅದರ ಒಳಗೂ ವೈರ್‌ಗಾರ್ಡೇ. ನನ್ನದು ಒಂದು ಲ್ಯಾಪ್‌ಟಾಪ್, ಒಂದು ಫೋನ್. ಎರಡು ಕೀ, ಹೆಚ್ಚುವರಿ ಖರ್ಚು ಸೊನ್ನೆ.